ಮೋಟು ಚಿಕ್ಕಿ

ಸೊಲ್ಲಾಪುರದ ಅಕ್ಕಲಕೋಟ ರೋಡಿನ ಗಡ್ಡಂ ಶೇಠನ ಕಾರಖಾನೆಯೊಳಗ
ನಮ್ಮಪ್ಪ ಶಿವಶರಣ ಹೊಟಗಿ ರಟ್ಟಿಗೆ ತೂತು ಹೊಡಿತಿದ್ದ.
ಒಂದು ರಟ್ಟು, ಒಂದು ಎಳೆ ಹೊಕ್ಕು.
ತೂತಿದ್ದಲ್ಲಿ ಹಾಸಿನ ನೂಲು ಏಳತದ,
ಇಲ್ಲದಲ್ಲಿ ಮಲಗತದ.

ಎಪ್ಪತ್ತೊಂಬತ್ತರಾಗ ಮುಂಬೈ ದಲಾಲನ ಕೈಯಾಗ
ಆಫ್ರಿಕಾದ ಕಾಗದ ಬಂತು. ಇನ್ನೂರು ಟವೆಲ್, ನೀಲಿ ಮೇಲೆ ಬಿಳಿ.
ನ್ಯೋಟಾ ಯಾ ಬಂದಾರಿ.
ಹಡಗಿನ ಹಮಾಲರು ಕೂಡಿ ಕಟ್ಟಿದ ಆಟದ ಸಂಘ ಅಂದ ದಲಾಲ,
ನ್ಯೋಟಾ ಅಂದರ ಚಿಕ್ಕಿ, ಬಂದಾರಿ ಅಂದರ
ಬಂದರು.
‘ಅದು ನಮ್ಮ ಮಾತೇ ಅಲ್ಲೇನು’ ಅಂದ ಅಪ್ಪ,
ಹೊಟಗಿ ಕೆರೆಗಿಂತ ದೊಡ್ಡ ನೀರು ಕಂಡವನಲ್ಲ.

ನಕಾಶೆಯೊಳಗ ಚಿಕ್ಕಿಯ ಕೆಳಗೊಂದು ಚೆಂಡು, ಒಂದು ಬುಟ್ಟಿ.
ಬುಟ್ಟಿಗೆ ತಳ ಇಲ್ಲ.
ಬರೆದವರು ಮರೆತಿರಬೇಕು ಅಂತ ಅಪ್ಪ
ಎಂಟು ರಟ್ಟು ಹೆಚ್ಚಿಗೆ ಹೊಡೆದು ತಳ ಕೂಡಿಸಿದ.
ಮಾದರಿ ಹಾಗೇ ಹೋತು. ತಿಂಗಳೊಪ್ಪತ್ತಿಗೆ ಪತ್ರ:
ದಯಮಾಡಿ ತಳ ತೆಗೀರಿ.
ಚೆಂಡು ಕೆಳಗ ಬೀಳಬೇಕು, ಬಿದ್ದರೇ ಲೆಕ್ಕ.
ಮಗ್ಗದವರೆಲ್ಲ ನಕ್ಕರು.
ಪಗಾರದ ದಿನ ಇನ್ನೂ ಜೋರಾಗಿ ನಕ್ಕರು.

ರಟ್ಟಿನ ಸರ ಮತ್ತೆ ಹೊಡೆದ ರಾತ್ರಿಯೇ ತಪ್ಪಿದ್ದು.
ಐದು ಕೈಯ ಚಿಕ್ಕಿಗೆ ಬಲಗೈ ಮೋಟಾತು,
ಆರು ತೂತು ಕಮ್ಮಿ.
ಕರೆಂಟು ಹೋಗಿತ್ತು ಅಂತಾಳ ಅವ್ವ.
ಕುಡಿದಿದ್ದ ಅಂತಾನ ಕಾಕಾ.
ಅಪ್ಪ ಏನೂ ಅನ್ನಲಿಲ್ಲ. ಟವೆಲ್ ಹಡಗು ಹತ್ತಿದವು.
ಆ ಕಡೆಯಿಂದ ಸೊಲ್ಲಿಲ್ಲ.

ಮುಂದಿನದೆಲ್ಲ ನಾ ಆರ್ಡರ್ ಪುಸ್ತಕದಾಗ ಓದಿದ್ದು.
ಎಂಬತ್ನಾಕರಾಗ ಸಿಮೆಂಟ್ ಕಂಪನಿಯ ಹೆಸರು ಕೂಡಿತು,
ಆಟಗಾರರಿಗೆ ಪಗಾರ ಶುರುವಾತಂತ. ಆಟಕ್ಕೂ ಪಗಾರ!
ಎಂಬತ್ತೇಳರಾಗ ಬರೇ ಹದಿನೈದು ಟವೆಲ್,
ಎರಡು ಬೆರಳು ಕರಿ ಅಂಚು,
ಹನ್ನೊಂದರ ಅಂಕಿ, ಕೆಳಗ ಹಮೀಸಿ ಅಂತ ಹೆಸರು.
ಯಾರು, ಏನಾತು, ಬರೆದಿರಲಿಲ್ಲ.
ಶೇಠ ಆ ಹದಿನೈದರ ಬಿಲ್ ಹಾಕಲಿಲ್ಲ.
ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ಮೂರು ಖಾಲಿ ಹಾಳಿ.
ರಟ್ಟಿನ ಸರ ಗೂಟಕ್ಕೆ ತೂಗಿ ಧೂಳು ತಿಂತು.
‘ಆ ಕ್ಲಬ್ಬು ಸತ್ತಿರಬೇಕು’ ಅಂತ ಅಪ್ಪ
ಒಮ್ಮೆ ಊಟದ ನಡುವೆ ಅಂದ,
ಬೀಗರ ಮನೆಯ ಸುದ್ದಿ ಹೇಳಿದ ಹಾಗೆ.
ತೊಂಬತ್ತಾರಕ್ಕ ನಲವತ್ತು ಟವೆಲ್ ಕೇಳಿದರು. ಸಿಮೆಂಟಿನ ಹೆಸರಿಲ್ಲ.
ಆಮೇಲೊಮ್ಮೆ, ‘ಅರ್ಧ ನಮ್ಮ ಹೆಣ್ಣುಮಕ್ಕಳ ತಂಡಕ್ಕ,
ಬಣ್ಣ ಅದೇ ಇರಲಿ, ಗುಲಾಬಿ ಬ್ಯಾಡ.’
ಎರಡು ಸಾವಿರದ ಒಂಬತ್ತರಾಗ ಸಾವಿರ ಟವೆಲ್.
ಅವರ ದೇಶದ ಕಪ್ಪು ಗೆದ್ದಿದ್ದರಂತ.
ಅಪ್ಪ ತೀರಿ ಆಗ ಎಂಟು ತಿಂಗಳು.

ರಟ್ಟು ರದ್ದಿಗೆ ಹೋತು. ನಾ ತಪಾಸಣೆ ಮೇಜಿಗೆ ಬಂದೆ.
ಹೋದ ವರ್ಷ ಬಾಗವಾನರ ತೌಫೀಕ, ಕಂಪ್ಯೂಟರಿನ ಹುಡುಗ,
ಹಳೆ ಚಿಕ್ಕಿ ನೋಡಿ ಲೊಚಗುಟ್ಟಿದ,
ಒಂದು ಗೆರೆ ಎಳೆದು ಐದೂ ಕೈ ಸರಿ ಮಾಡಿದ.
ಆರುನೂರು ಟವೆಲ್ ಹೋದವು.
ಆರುನೂರೂ ವಾಪಸ್ ಬಂದವು.
‘ಇದು ನಮ್ಮ ಚಿಕ್ಕಿ ಅಲ್ಲ.’
ಜೊತೆಗೆ ಫೋಟೋ. ಬಾವುಟದ ಮೇಲೆ ಮೋಟುಗೈ,
ಬಸ್ಸಿನ ಬಗಲಿಗೆ ಮೋಟುಗೈ,
ಅಂಗಳದ ನಟ್ಟನಡುವೆ ಬಳಿದ ಬಣ್ಣದಾಗ, ಹುಡುಗಿಯರ ಅಂಗಿಯಾಗ,
ಮುದುಕನೊಬ್ಬನ ತೋಳಿನ ಹಚ್ಚೆಯಾಗ.
ಮ್ಯಾನೇಜರ್ ಬಾಯಿ ಬರೆದಿದ್ದಳು:
ಕ್ರೇನಿಗೆ ಸಿಕ್ಕು ಬಲಗೈ ಕಳಕೊಂಡ ಹಮಾಲನ ಗುರುತು ಇದು,
ಕ್ಲಬ್ಬು ಕಟ್ಟಿದವ ಅವನೇ,
ನಮ್ಮ ಸಣ್ಣ ಮಕ್ಕಳಿಗೂ ಈ ಕಥೆ ಗೊತ್ತು.

ತಪ್ಪಾತು, ಮಾಫಿ ಇರಲಿ ಅಂತ ಉತ್ತರ ಬರೆದೆ.
ಕರೆಂಟಿನ ಸುದ್ದಿ ಬರೀಲಿಲ್ಲ, ಕುಡಿತದ ಸುದ್ದಿನೂ.

ಸರಿ ಇದ್ದ ಆರುನೂರು ಚಿಕ್ಕಿ
ಮಂಗಳವಾರ ಪೇಟೆಯಾಗ ಕಿಲೋ ಲೆಕ್ಕಕ್ಕ ಮಾರಿದವು.
ಮೊನ್ನೆ ಎಸ್‌ಟಿ ಸ್ಟ್ಯಾಂಡಿನಾಗ ಬಾಳೆಹಣ್ಣಿನ ಗಾಡಿಯವ
ಒಂದನ್ನ ತೋಯಿಸಿ ಹಣ್ಣಿನ ಮೇಲೆ ಹೊಚ್ಚಿದ್ದ,
ಐದೂ ಕೈ ಪೂರ್ತಿ.
ನೋಡಿ ಅರ್ಧ ಡಜನ್ ತಗೊಂಡೆ.