ನಡುಗೋಲು

ವಾಳಪೈ ದಾಟಿ ಎರಡು ತಿರುವು,
ಶಾಬಾ ಗಾವಸನ ಭಟ್ಟಿಯ ಹಿಂದಿನ ಕೋಣೆ.
ಹೋದ ವರ್ಷ ನೋಡಿಬಂದ ರುಮೇನಿಯಾದ ಹಳ್ಳಿಗಳನ್ನು
ಈ ವರ್ಷ ಬರೆದು ಮುಗಿಸಲು ಬಾಡಿಗೆ ಕೊಟ್ಟು ಕೂತಿದ್ದೇನೆ.
ಏಪ್ರಿಲ್. ಗೇರುಹಣ್ಣಿನ ಘಾಟು ಹಾಳೆಗೂ ಹತ್ತಿದೆ.
'ಹಸಿರು ಗುಡ್ಡಗಳ ಮಡಿಲಲ್ಲಿ' ಎಂದು ಬರೆಯುತ್ತೇನೆ,
ಹೊಡೆದುಹಾಕುತ್ತೇನೆ.
ಎಂಥ ಮಡಿಲು? ಮೊಣಕಾಲು ನೋವೊಂದೇ ನಿಜ.

ಹಣ್ಣಿನಿಂದ ಬೀಜ ತಿರುವಿ ತೆಗೆಯುವ ಫಕೀರವ್ವ
ಗದಗಿನ ಕಡೆಯವಳು. ನನ್ನ ಕನ್ನಡ ಕಿವಿಗೆ ಬಿದ್ದ ದಿನದಿಂದ
ಬುತ್ತಿ ಬಿಚ್ಚುವುದು ನನ್ನ ಹೊಸ್ತಿಲಲ್ಲೇ.
ಸೊನೆ ಸುಟ್ಟ ಬೆರಳನ್ನು ಸೆರಗಿಗೆ ಒರೆಸಿ
ಫೋಟೋ ಒಂದೊಂದೇ ಸರಿಸುತ್ತಾಳೆ.

"ಬಣವಿ!"

ಹೌದಲ್ಲ, ಬಣವೆ.
ಎರಡು ಪುಟ ಹೆಣಗಿದ್ದೆ ನಾನು:
ಹುಲ್ಲಿನ ಗೋಪುರ, ಹುಲ್ಲಿನ ಮುದುಕಿ, ಟೋಪಿ ತೊಟ್ಟ ಪಾದ್ರಿಗಳ ಸಾಲು.
"ಒಟ್ಟಿದ್ದು ಸರಿ ಇಲ್ಲ ಬಿಡ್ರಿ, ಹೊಟ್ಟಿ ಉಬ್ಬೇತಿ.
ನಡುವ ಕೋಲು ಯಾಕ?
ಕೈಯಾಗ ಹದ ಇಲ್ಲದವರು ಕೋಲು ನೆಡತಾರ."

ಒಟ್ಟಿದವಳು ಪರಸ್ಕೀವಾ, ಎಪ್ಪತ್ತೆಂಟು ವರ್ಷ,
ಮರದ ಹಲ್ಲಿನ ಕುಂಟೆ ಹಿಡಿದು ನನಗಿಂತ ಮುಂದೆ ಗುಡ್ಡ ಹತ್ತಿದವಳು.
ರಾತ್ರಿ ಮುದ್ದೆಯನ್ನು ಹಲಗೆಗೆ ಬೋರಲು ಹಾಕಿ
ದಾರದಿಂದ ಕೊಯ್ದು ಬಡಿಸಿದಳು.
"ಗೋವಿನಜೋಳದ ಮುದ್ದಿಗೆ ದಾರ? ಚೂರಿ ಇಲ್ಲೇನು ಆ ಮನ್ಯಾಗ?"
ಇತ್ತು. ಅಲ್ಲೇ ಗೋಡೆಯಲ್ಲಿ.
ನಾನೂ ಬೆರಳು ತೋರಿಸಿ ಕೇಳಿದ್ದೆ; ಆಕೆ ನಕ್ಕಳು.
ನಮ್ಮಿಬ್ಬರ ನಡುವೆ ಇದ್ದ ಭಾಷೆ ಅಷ್ಟೇ.

ಪ್ಲಮ್ ಹಣ್ಣಿನ ಸಾರಾಯಿ ಇಳಿಸುವ ತಾಮ್ರದ ಹಂಡೆಯ ಚಿತ್ರಕ್ಕೆ
ಶಾಬಾನೂ ಬಂದು ಇಣುಕಿದ.
"ಭಾಣ ಸಣ್ಣದು" ಎಂದಷ್ಟೇ ಹೇಳಿ
ಕಟ್ಟಿಗೆ ಸರಿಸಲು ಹೋದ.

"ಈ ಒಣಗಿಡದ ತುಂಬ ಪಾತ್ರಿ ಯಾಕ?"
ಮದುವೆಗೆ ಬಂದ ಮಗಳಿದ್ದಾಳೆ ಅಂತ ಊರಿಗೆ ಹೇಳುವ ಬಗೆ, ಎಂದೆ.
ತುದಿಗೆ ಕೆಂಪು ಪಾತ್ರೆ.
ಬಹಳ ಹೊತ್ತು ನೋಡಿದಳು.
"ನಮ್ಮವ್ವನ ಹಂತೇಲಿ ಒಂದ ಗಡಿಗಿ ಇತ್ತು.
ಅದೂ ಸೋರತಿತ್ತು."
ಆಮೇಲೆ ನಕ್ಕಿದ್ದು ಹೇಗೆಂದರೆ
ಗೇರುಮರದ ಕಾಗೆಗಳೆಲ್ಲ ಎದ್ದವು.

ಡಬ್ಬಿ ಮುಚ್ಚುತ್ತ ಮತ್ತೆ ಮೊದಲ ಫೋಟೋಕ್ಕೆ ಬಂದಳು.
"ಚಳಿಗಾಲ ತೀರಿ, ದನ ಹುಲ್ಲೆಲ್ಲ ತಿಂದ ಮ್ಯಾಲ
ಈ ಕೋಲು ಏನ ಮಾಡ್ತಾರ?
ಅಲ್ಲೇ ನಿಂತಿರತೈತೋ, ಕಿತ್ತು ಒಲಿಗೆ ಹಾಕ್ತಾರೋ?"

ನಾನು ಹೋದದ್ದು ಜುಲೈ. ಹದಿನೆಂಟು ದಿನ.
ಮೂರು ನೋಟುಪುಸ್ತಕ ತಿರುವಿದೆ.
ಮರದ ಇಗರ್ಜಿಯ ಮೊಳೆಗಳ ಲೆಕ್ಕವಿದೆ,
ಬಸ್ಸು ತಪ್ಪಿದ ಮೂರು ಸಲದ ಸಿಟ್ಟಿದೆ,
ಕೋಲಿನ ಬಗ್ಗೆ ಒಂದು ಅಕ್ಷರವಿಲ್ಲ.

"ತಿಳಿದ ಮ್ಯಾಲ ಹೇಳ್ರಿ" ಎಂದು ಎದ್ದಳು.

ಹೊರಗೆ ಭಾಣದ ಬಾಯಿಗೆ ಹುತ್ತದ ಮಣ್ಣು ಮೆತ್ತುತ್ತಿದ್ದಾರೆ.
ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟು
ಹೊಸ ಹಾಳೆಯ ಮೇಲೆ ಬರೆದೆ:
ನಾನು ಬೇಸಿಗೆಯಲ್ಲಷ್ಟೇ ಹೋಗಿ ಬಂದವನು.