ನಾಕಾಣೆಯ ಭಾರ

ಚಾಂದಪಾಶಾ ಗಾಜಿನ ಕೌಂಟರಿನ ಮೇಲೆ ಮೂರು ಡಬ್ಬಿ ಇಟ್ಟ.
ಹೊರಗೆ ಯಾದಗಿರಿ ಸ್ಟೇಷನ್ ರೋಡು, ಎರಡು ಗಂಟೆಯ ಬಿಸಿಲು.
ರಾಯಚೂರು ಕಡೆಯ ಗಾಡಿ ಬಂತೆಂದು
ಶೋಕೇಸಿನ ಹಳೇ ವಾಲ್ವುಗಳೆಲ್ಲ ಹಲ್ಲು ಕಟಕಟಿಸಿದವು.

"ಇದು ನಿಮ್ಮಪ್ಪಂದೇ ಜಾತಿ ರೀ ಅಕ್ಕಾ,
ಸಿಕಂದರಾಬಾದಿನಾಗ ಒಬ್ಬನ ಅಟ್ಟದ ಮ್ಯಾಲ ಉಳದಿತ್ತು.
ಒಂಬೈನೂರು. ಗಟ್ಟಿ ದನಿ, ಏನೂ ಬದಲಿ ಮಾಡೋದು ಬ್ಯಾಡ.
ಇದು ಮ್ಯಾಗ್ನೆಟ್ಟಿಂದು, ಗುಂಡು ಮೊನಿ. ಸಂಭಾವಿತ, ತಪ್ಪು ಹುಡಕಂಗಿಲ್ಲ.
ಇದು..."
ಮೂರನೆಯದರ ಮುಚ್ಚಳ ತೆಗೆವಾಗ
ಹಾರಿಹೋದೀತೆಂಬಂತೆ ಉಸಿರು ಬಿಗಿಹಿಡಿದ.
"ಇದರ ಮೊನಿ ಅಂಡಾಕಾರ. ಜ್ವಾಳದ ಸುಂಕಿನಷ್ಟು ಸಣ್ಣದು.
ಎಲ್ಲಾ ಕೇಳಸ್ತದ. ಎಲ್ಲಾ ಅಂದ್ರ ಎಲ್ಲಾ.
ಕೇಳಬಾರದ್ದೂ."

ಯಂತ್ರ ಅಪ್ಪನದು. ಪಕ್ಕದಲ್ಲಿ ಇನ್ನೂ ಇದೆ ಕೆಂಪು ಬರಹ:
ಸಾಯಬಣ್ಣ ಮೈಕ್ ಸೆಟ್, ಯಾದಗಿರಿ.
ಸೈಕಲ್ ಕ್ಯಾರಿಯರಿಗೆ ಕೌದಿ ಹಾಸಿ ಇದನ್ನು ಕೂಡಿಸಿ
ಹತ್ತಿಕುಣಿ, ವಡಗೇರಾ, ಸೈದಾಪುರ,
ಮದುವೆಯಿದ್ದಲ್ಲೆಲ್ಲ ಒಯ್ದ.
ಹಂದರದ ಗಳಕ್ಕೆ ಕಟ್ಟಿದ ಭೋಂಗಾದಿಂದ
ಮೊದಲು ಶಹನಾಯಿ, ಯಾವಾಗಲೂ ಅದೇ ತಟ್ಟೆ,
ಆಮೇಲೆ ಬೀಗರ ಜಗಳ, ಆಮೇಲೆ ಅಕ್ಕಿಕಾಳು.
ಕುಣಿಯುವ ಹುಡುಗರ ಕಾಲಿಗೆ ನೆಲ ಅದುರಿ ಮುಳ್ಳು ಹಾರುತ್ತಿತ್ತು.
ಅದಕ್ಕೇ ಅಪ್ಪ ಅದರ ತಲೆಯ ಮೇಲೊಂದು ನಾಕಾಣೆ ಇಟ್ಟು
ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದ.
ಮುಂದೆ ಅದು ಹಾರಲಿಲ್ಲ.
ಉತ್ತಿತು.
ಹದಿನೆಂಟು ವರ್ಷ ಒಂದೇ ಹೊಲ, ಅದೇ ಸಾಲು,
ಎರೆಮಣ್ಣಿನಂಥ ತಟ್ಟೆ ಬೂದಿಬಣ್ಣಕ್ಕೆ ತಿರುಗುವ ತನಕ.

ನನ್ನ ಮದುವೆಗೂ ಅದೇ ಶಹನಾಯಿ.
ಎಲ್ಲಿ ಕರಕರ ಅನ್ನುತ್ತದೆ, ಎಲ್ಲಿ ಗಂಟಲು ಕಟ್ಟುತ್ತದೆ,
ನನಗೆ ಬಾಯಿಪಾಠ.
ಆ ಕರಕರ ಇಲ್ಲದಿದ್ದರೆ ಅದು
ಬೇರೆ ಯಾರದೋ ಮನೆಯ ಮದುವೆ.
ಕೈ ಒಂಬೈನೂರರ ಡಬ್ಬಿಗೇ ಹೋಗಿತ್ತು.
ರೊಕ್ಕದ ಮಾತೂ ಇತ್ತು, ಸುಳ್ಳು ಯಾಕೆ ಹೇಳಲಿ:
ಮೂರನೆಯದು ಆರು ಸಾವಿರದ ನಾನೂರು, ಮೇಲೊಂದು ಪ್ರೀ-ಆಂಪ್ಲಿಫೈಯರು,
ನನ್ನದು ತಾಲೂಕು ಕಚೇರಿಯ ಟೈಪಿಸ್ಟಿನ ಪಿಂಚಣಿ.

ಚಾಂದಪಾಶಾ ಭೂತಗನ್ನಡಿ ಕೊಟ್ಟು
ತಟ್ಟೆಯನ್ನು ಬಿಸಿಲಿಗೆ ಓರೆ ಹಿಡಿದ.
"ಈ ಗೆರಿ ಅಂದ್ರ ಒಂದು ಕಾಲುವಿ. ಎರಡು ಗ್ವಾಡಿ.
ಅಪ್ಪನ ಮುಳ್ಳು ದಪ್ಪ, ನಡುಮಟ್ಟಕ್ಕೇ ನಿಂತು
ಅಲ್ಲೇ ತಿಕ್ಕಿ ತಿಕ್ಕಿ ಸವಿಸ್ಯಾದ.
ಸಣ್ಣ ಮೊನಿ ಅದರ ಕೆಳಗ ಇಳೀತದ.
ಅಲ್ಲಿ ಯಾರೂ ಮುಟ್ಟಿಲ್ಲ ಅಕ್ಕಾ.
ಅಚ್ಚು ಹೊಡದ ದಿನ ಹ್ಯಾಂಗಿತ್ತೋ ಹಾಂಗ ಅದ. ಇದ್ರ."

ಆ ಕೊನೆಯ "ಇದ್ರ" ಕೇಳಿಯೇ ನಾನು ಒಪ್ಪಿದ್ದು.

ನಾಲ್ಕು ತಂತಿ: ಕೆಂಪು, ಬಿಳಿ, ಹಸಿರು, ನೀಲಿ.
ಒಂದು ತಿರುಪು ಜಾರಿ ಶಹಾಬಾದ್ ಕಲ್ಲಿನ ಸಂದಿ ಸೇರಿತು.
ಮೊಣಕಾಲೂರಿ ಅರ್ಧ ತಾಸು ಹುಡುಕಿದೆವು,
ಚಹಾದ ಹುಡುಗನೂ ಬಗ್ಗಿದ, ಅವನ ಅಂಗಾಲಿಗೇ ಅಂಟಿತ್ತು.
ತೂಗಿ ನೋಡಿ, ಒಂದೂವರೆ ಗ್ರಾಂ ಎಂದ ಚಾಂದಪಾಶಾ.
ಬಂಗಾರದಂಗಡಿಯವರೂ ಇಷ್ಟು ನಾಜೂಕಾಗಿ ತೂಗಲಿಕ್ಕಿಲ್ಲ.
ನಾಕಾಣೆ ಬಿಚ್ಚುವಾಗ ರಬ್ಬರು ಪುಡಿಪುಡಿ ಉದುರಿತು.

ಮುಳ್ಳು ಇಳಿಯಿತು.
ಮೊದಲು ಗಾಯಗಳೇ ಮಾತಾಡಿದವು:
ಅರಿಷಿಣದ ಧೂಳು, ಲಾಟೀನಿನ ಬೆಳಕಲ್ಲಿ
ಅಪ್ಪ ಅವಸರಕ್ಕೆ ಎಳೆದ ಉದ್ದನೆಯ ಗೀರು,
ಸುತ್ತಿಗೊಮ್ಮೆ ಟಕ್, ಸುತ್ತಿಗೊಮ್ಮೆ ಟಕ್.
ನಾನು ಒಂಬೈನೂರರ ಡಬ್ಬಿಯತ್ತ ನೋಡಿದೆ.
ಆಗ ಶಹನಾಯಿ ಒಂದು ಸ್ವರ ಮುಗಿಸಿ
ಮುಂದಿನದಕ್ಕೆ ಹೋಗುವ ಮೊದಲು
ಯಾರೋ ಉಸಿರು ಎಳೆದುಕೊಂಡರು.

ನಾನು ಚಾಂದಪಾಶಾನ ಮುಖ ನೋಡಿದೆ, ಅವನು ನನ್ನದು.
ನಾವಿಬ್ಬರೂ ಅಲ್ಲ.

ಅಷ್ಟು ಹಂದರ, ಅಷ್ಟು ಮದುವೆ,
ಪ್ರತಿ ಸಲವೂ ಆ ಮನುಷ್ಯ ಉಸಿರು ತಗೊಂಡೇ ಊದಿದ್ದ.
ನಾವು ಊಟಕ್ಕೆ ಕೂತಿದ್ದೆವು.

"ಗೀರಿನಾಗ ಹಾರೀತು, ಭಾರ ಇನ್ನೊಂದೀಟು ಇಡ್ಲೇನ್ರಿ?"
ಬೇಡವೆಂದೆ.
ಅಂಗೈಯ ನಾಕಾಣೆ ನೋಡಿ ಚಹಾದ ಹುಡುಗ ಕೇಳಿದ,
"ಇದು ನಡೀತದೇನ್ರಿ ಈಗ?"
"ನಡ್ಯಂಗಿಲ್ಲಪಾ. ಭಾಳ ನಡದದ."
ಅವನಿಗೆ ತಿಳಿಯಲಿಲ್ಲ, ಖಾಲಿ ಗ್ಲಾಸು ಎತ್ತಿಕೊಂಡು ಹೋದ.
ಆ ಬದಿ ಮುಗಿದು ಮುಳ್ಳು ನಡುವೆ ಸುತ್ತುತ್ತಲೇ ಇತ್ತು.
ಯಾರೂ ಎತ್ತಲಿಲ್ಲ.