ಸಣ್ಣ ನಡುವಿನ ಆ್ಯಕ್ಸಲ್

ಟೆಂಪೋ ಬೆನ್ನೇರಿ ಬಂತು ಭೋಸರಿಗೆ
ಶರ್ವರೀ ತಾವರೆಯ ಕಾಂಟೆಸ್ಸಾ,
ಸೊಂಟ ಮುರಿದ ಎಮ್ಮೆಯ ಹಾಗೆ ಎಡಕ್ಕೆ ಕುಸಿದು.
ತಾವರೆ ಅಂದರೆ ನಮ್ಮಲ್ಲಿ ಹೂವು, ಅಂದೆ.
ನಗಲಿಲ್ಲ ಆಕೆ.
ಹಳೇ ಚಾದರದಲ್ಲಿ ಸುತ್ತಿ ತಂದ ತುಂಡುಗಳನ್ನು
ಬೆಂಚಿನ ಮೇಲೆ ಬಿಚ್ಚಿದಳು.

ಮುರಿದ ಮುಖ ಸುಳ್ಳು ಹೇಳುವುದಿಲ್ಲ.
ಅಂಚಿನಲ್ಲಿ ನುಣುಪು, ಗೆರೆಯ ಪಕ್ಕ ಗೆರೆ,
ಕೆರೆ ಬತ್ತುತ್ತ ದಂಡೆಗೆ ಬಿಟ್ಟ ಗುರುತಿನಂತೆ:
ತಿಂಗಳುಗಟ್ಟಲೆ ಒಳಗೊಳಗೇ ಬಿರಿದದ್ದು.
ನಡುವೆ ಮಾತ್ರ ಒರಟು, ಈಗಷ್ಟೇ ಒಡೆದ ಬೆಲ್ಲ;
ಅದು ಕೊನೆಯ ಕ್ಷಣದ್ದು.
ನೇರ ಇರಬೇಕಾದ ಹಲ್ಲುಗಳು
ಹಗ್ಗದ ಹಾಗೆ ಹುರಿಗೊಂಡಿದ್ದವು.

"ಇದಕ್ಕಿಂತ ದಪ್ಪದ್ದು ಬೇಕು."
ವಾರವಿಡೀ ಬ್ಯಾಂಕಿನ ಸಾಲ ವಸೂಲಿ,
ತಿಂಗಳಿಗೊಂದು ಭಾನುವಾರ ಕಾಲು ಮೈಲಿಯ ಓಟ,
ಎಂಜಿನ್ನಿಗೆ ಲಾರಿಯ ಟರ್ಬೊ ಕಟ್ಟಿಸಿದ್ದಾಳೆ.
ದಪ್ಪ ಮಾಡಬಹುದು ತಾಯಿ,
ಆಗ ಒಳಗಿನ ಕ್ರೌನ್ ಮುರಿಯುತ್ತದೆ.
ಅದನ್ನೂ ಗಟ್ಟಿ ಮಾಡಿದರೆ ಗೇರ್‌ಬಾಕ್ಸು.
ಬಲ ಎಲ್ಲೂ ತಂಗುವುದಿಲ್ಲ,
ಮುಂದಿನ ಮನೆಯ ಬಾಗಿಲು ತಟ್ಟುತ್ತದೆ
ನೀನು ವಸೂಲಿಗೆ ಹೋದ ಹಾಗೆ.
ಈ ಸಲ ನಕ್ಕಳು.

ನಿಕ್ಕಲ್ಲು ಕ್ರೋಮು ಬೆರೆತ ಉಕ್ಕು ತಂದು
ಲೇತಿಗೆ ಕಟ್ಟಿದೆ.
ಹಲ್ಲು ಕೊರೆಯುವ ತುದಿ ಬಿಟ್ಟು
ನಡುವನ್ನು ಇಳಿಸುತ್ತ ಹೋದೆ,
ನೀಲಿ ಸಿಪ್ಪೆ ಸುರುಳಿ ಸುರುಳಿ ಕಾಲ ಬುಡಕ್ಕೆ,
ಹಲ್ಲಿನ ಬೇರಿಗಿಂತ ಒಂದು ನೂಲು ಒಳಕ್ಕೆ.

ಭಟ್ಟಿಯ ಯಾಕೂಬ ಮುಲಾಣಿ, ಅಕ್ಕಲಕೋಟೆಯವ,
ಬಂದು ನೋಡಿ ಬಾಯಿ ಬಿಟ್ಟ:
"ಏನ್ ಮಾಡ್ಲಿಕ್ಕತ್ತಿ ಬಸಲಿಂಗಾ,
ಆಕಿ ಕೇಳಿದ್ದು ಗಟ್ಟಿ, ನೀ ಸಣ್ಣ ಮಾಡ್ತಿ?"

ದಪ್ಪ ನಡು ತಿರುಚಿಕೊಳ್ಳುವುದಿಲ್ಲ ಯಾಕೂಬ,
ತಿರುಚೆಲ್ಲ ಓಡಿಹೋಗಿ ಹಲ್ಲಿನ ಬುಡದಲ್ಲಿ ಕೂರುತ್ತದೆ,
ಬಿರುಕು ಹುಟ್ಟುವುದು ಅಲ್ಲೇ.
ನಡು ಸಣ್ಣದಾದರೆ
ಉದ್ದಕ್ಕೂ ಹಂಚಿಕೊಂಡು ಹೊರಳಿ
ಕೈಬಿಟ್ಟೊಡನೆ ಬಿಚ್ಚಿಕೊಳ್ಳುತ್ತದೆ,
ಹಿಂಡಿ ಬಿಟ್ಟ ಒದ್ದೆ ಸೀರೆ.
ಅವನು ಬೀಡಿ ಹಚ್ಚಿದ. ಒಪ್ಪಿದನೋ ಇಲ್ಲವೋ.
ಹದ ಮಾತ್ರ ಚೆನ್ನಾಗಿ ಹಾಕಿದ.
ನಾನು ಕೂಡಿಸುವ ಮುನ್ನ ತುದಿಯಿಂದ ತುದಿಗೆ
ಬಿಳಿ ಬಣ್ಣದ ಒಂದು ಗೆರೆ ಎಳೆದೆ.

ಡಿಫರೆನ್ಷಿಯಲ್ಲಿನದು ಬೇರೆ ಕತೆ.
ಹಳೆಯದು ದಾನಶೂರ, ಕಣ್ಣಿಲ್ಲದ್ದು,
ಜಾರುವವನಿಗೇ ಎಲ್ಲ ಸುರಿಯುತ್ತಿತ್ತು:
ಒಂದು ಗಾಲಿ ಮರಳಲ್ಲಿ ಗಿರಗಿರ,
ಇನ್ನೊಂದು ಡಾಂಬರಿನ ಮೇಲೆ ನಿಂತು ನೋಡುತ್ತ.
ಹೊಸದರೊಳಗೆ ತಟ್ಟೆಯ ಮೇಲೆ ತಟ್ಟೆ, ಒತ್ತುವ ಸ್ಪ್ರಿಂಗು;
ಒಬ್ಬ ಜಾರಿದರೆ ಇನ್ನೊಬ್ಬನಿಗೂ ಬಲ ಮುಟ್ಟುವಷ್ಟು ಬಿಗಿ,
ತಿರುವಿನಲ್ಲಿ ಬಿಟ್ಟುಕೊಡುವಷ್ಟು ಸಡಿಲ.
ಅದು ಎಷ್ಟೆಂದು ಯಾರೂ ಹೇಳಲಿಲ್ಲ.
ಮೂರು ಸಲ ಬಿಚ್ಚಿ ಜೋಡಿಸಿದೆ.

ಹೊಸ ತಟ್ಟೆಗಳು ಒಂದಕ್ಕೊಂದು ಒಗ್ಗಬೇಕು.
ರಾತ್ರಿ ಹತ್ತಕ್ಕೆ, ಮುಚ್ಚಿದ ಫ್ಯಾಕ್ಟರಿಯ ಬಯಲಲ್ಲಿ,
ನಿಧಾನಕ್ಕೆ ಎಂಟು ಬರಿ, ಅಂದೆ.
ಆಕೆ ಮರಾಠಿಯ ಎಂಟು ಬರೆದಳು, ತುದಿ ಕೂಡಲಿಲ್ಲ.
ಕನ್ನಡದ್ದೂ ಆಗದು, ಅದೂ ಬಾಯಿ ತೆರೆದದ್ದೇ.
ಇಂಗ್ಲಿಷಿನದು ತಾಯಿ, ಎರಡು ಸೊನ್ನೆ ಅಂಟಿಸಿದ್ದು.
ಕಾವಲುಗಾರ ಟಾರ್ಚು ಆರಿಸಿ ಕಲ್ಲಿನ ಮೇಲೆ ಕುಂತ,
ನಲವತ್ತರವರೆಗೆ ಎಣಿಸಿ ನಿದ್ದೆ ಹೋದ.
ಒಳಗೆ ತಟ್ಟೆಗಳು ಗೊಣಗಿದವು,
ಹೊಸ ಖೋಲಿಯ ಹೊಸ ಬಾಡಿಗೆದಾರರಂತೆ;
ಆಮೇಲೆ ಸುಮ್ಮನಾದವು.

ಲೋಣಾವಳದಾಚೆ ಸೋತಳು,
ಜರ್ಮನ್ ಕಾರೊಂದಕ್ಕೆ, ಅರ್ಧ ಸೆಕೆಂಡಿನಿಂದ.
ಫೋಟೊ ಕಳಿಸಿದಳು, ಮುಖದ್ದಲ್ಲ, ನೆಲದ್ದು:
ಮೊದಲೆಲ್ಲ ಒಂದೇ ಇರುತ್ತಿದ್ದಲ್ಲಿ
ಎರಡು ಕರಿ ಪಟ್ಟೆ,
ಒಂದಕ್ಕಿಂತ ಒಂದು ಕಡಿಮೆಯಿಲ್ಲದೆ.

ದೀಪಾವಳಿಯ ಹಿಂದಿನ ವಾರ ಬಿಚ್ಚಿದೆವು.
ಎಣ್ಣೆ ಒರೆಸಿ ಬಿಸಿಲಿಗೆ ಹಿಡಿದೆ.
ಬಿಳಿ ಗೆರೆ ತುದಿಯ ಹತ್ತಿರ
ಕೂದಲೆಳೆಯಷ್ಟು ವಾಲಿತ್ತು.
"ಬದಲಿಸಬೇಕಾ?"
ಯಾಕೂಬನ ಕಡೆ ನೋಡಿದೆ, ಅವನು ನನ್ನ ಕಡೆ.
ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದೆ, ನೇರಕ್ಕೆ,
ಬಣ್ಣ ಒಣಗಲಿ ಅಂದೆ,
ಚಹಾ ತರಿಸು.